ಹೈಸ್ಕೂಲ್ ಐಟಿ, ಆಟೊಮೊಬೈಲ್ ಮಕ್ಕಳಿಗೆ ಎನ್‌ಎಸ್‌ಕ್ಯೂಎಫ್ ಜತೆ ಇನ್ನ್ಯಾವ ಸರ್ಟಿಫಿಕೇಟ್ ಮಾಡಿಸಬೇಕು?

ಪ್ರಶ್ನೆ: ಹಾವೇರಿ ವೃತ್ತಿ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ಮಕ್ಕಳ ಬಗ್ಗೆ ಕೇಳ್ತಿದ್ದೀನಿ. ತೃತೀಯ ಭಾಷೆ ಬದಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ವೃತ್ತಿ ವಿಷಯ ತಗೊಂಡಿದ್ದಾರೆ, ಅರ್ಧ ಮಕ್ಕಳು ಐಟಿ, ಅರ್ಧ ಆಟೊಮೊಬೈಲ್. ಈಗ ಹತ್ತನೇ ತರಗತಿ. ಹಳೆ ವಿದ್ಯಾರ್ಥಿಗಳು ಕೊಟ್ಟ ದೇಣಿಗೆಯಲ್ಲಿ ಹೊರಗಿನ ಒಂದು ಪರೀಕ್ಷೆಯ ಫೀ ಕಟ್ಟೋಕೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಒಪ್ಪಿದ್ದಾರೆ. ಮಿತಿ ಒಂದು ಮಗುವಿಗೆ 700 ರೂಪಾಯಿ.

ಐಟಿ ಮಕ್ಕಳಿಗೆ ಈ ದುಡ್ಡಿನಲ್ಲಿ ನಿಜವಾಗಿ ಬೆಲೆ ಇರೋ ಪರೀಕ್ಷೆ ಯಾವುದು? ಆಟೊಮೊಬೈಲ್ ಮಕ್ಕಳಿಗೆ ಐಟಿಐಗಿಂತ ಮೊದಲು ಏನಾದರೂ ಮಾಡಿಸಬಹುದಾ? ಮೂರನೇದು, ಒಂದು ಖಾಸಗಿ ಸೆಂಟರ್‌ನವರು ಇಡೀ ಕ್ಲಾಸಿಗೆ ಒಂದೇ ಮೊತ್ತ ಹೇಳಿ "ಸರ್ಕಾರಿ ಮಾನ್ಯತೆಯ ಡಿಪ್ಲೊಮಾ" ಕೊಡ್ತೀವಿ ಅಂತಿದ್ದಾರೆ. ಅದನ್ನ ನಂಬಬಹುದಾ? ಪಾಲಕರು ಕೇಳೋದು ಒಂದೇ ಮಾತು, "ಇದಕ್ಕ ಕೆಲಸ ಸಿಗತೈತೇನ್ರಿ ಸರ?" ಸರಿಯಾದ ಉತ್ತರ ಕೊಡಬೇಕಿದೆ.

ಉತ್ತರ 1: ವಿದ್ಯಾನಗರ ಕಂಪ್ಯೂಟರ್ ಬೋಧಕಿ, ಹುಬ್ಬಳ್ಳಿ

ಸರ್, ಐಟಿ ಮಕ್ಕಳಿಗೆ ನೈಲಿಟ್‌ನ (ಕೇಂದ್ರ ಸರ್ಕಾರದ ಐಟಿ ತರಬೇತಿ ಸಂಸ್ಥೆ) ಸಿಸಿಸಿ, ಅಂದರೆ ಕಂಪ್ಯೂಟರ್ ಮೂಲ ತಿಳಿವಳಿಕೆಯ ಪರೀಕ್ಷೆ ಮಾಡಿಸಿ. ಫೀ 500 ರೂಪಾಯಿ, ಜಿಎಸ್‌ಟಿ ಸೇರಿ 590, ನಿಮ್ಮ ಮಿತಿಯೊಳಗೇ ಬರುತ್ತೆ. ಕನಿಷ್ಠ ವಿದ್ಯಾರ್ಹತೆ ಕೇಳೋದಿಲ್ಲ, ಹಾಗಾಗಿ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯಬೇಕಿಲ್ಲ. 100 ಪ್ರಶ್ನೆ, 90 ನಿಮಿಷ, ಎಲ್ಲಾ ಆಬ್ಜೆಕ್ಟಿವ್, ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. 50 ಬಂದರೆ ಪಾಸ್, 85 ಅಥವಾ ಹೆಚ್ಚು ಬಂದರೆ ಎಸ್ ಗ್ರೇಡ್.

ಇದನ್ನೇ ಹೇಳೋಕೆ ಇನ್ನೊಂದು ಕಾರಣ ಇದೆ. ನಿಮ್ಮ ಮಕ್ಕಳು ಓದ್ತಿರೋದು ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್, ಅಂದರೆ ಎಸ್‌ಎಸ್‌ಸಿ/ಕ್ಯೂ2212 ಆಗಿದ್ದರೆ, ಅಲ್ಲಿ ಲಿಬ್ರೆ ಆಫೀಸ್‌ನ ರೈಟರ್ (ಬರವಣಿಗೆಗೆ), ಕ್ಯಾಲ್ಕ್ (ಲೆಕ್ಕದ ಹಾಳೆಗೆ) ಆಗಲೇ ಮುಟ್ಟಿರ್ತಾರೆ. ಸಿಸಿಸಿ ಸಿಲಬಸ್ಸೂ ಲಿಬ್ರೆ ಆಫೀಸ್ ಮೇಲೇ ನಿಂತಿದೆ. ಲಿಬ್ರೆ ಆಫೀಸ್ ಉಚಿತ. ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲರ್ ಒಯ್ದು ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲೂ ಹಾಕಬಹುದು. ಮೈಕ್ರೋಸಾಫ್ಟ್‌ನ ಎಂಓಎಸ್ (ಅವರ ಆಫೀಸ್ ತಂತ್ರಾಂಶ ಬಳಕೆಯ) ಪರೀಕ್ಷೆಗೆ ಹೆಸರು ದೊಡ್ಡದು, ಆದರೆ ಫೀ ಸಾವಿರಗಳಲ್ಲಿದೆ, ಮೆನು ಬೇರೆ, ಮತ್ತೆ ಮೊದಲಿಂದ ಕಲಿಸಬೇಕಾಗುತ್ತೆ.

ಸಿಸಿಸಿಯಲ್ಲಿ ಮಕ್ಕಳು ಅಂಕ ಕಳಕೊಳ್ಳೋದು ವರ್ಡ್ ಪ್ರೊಸೆಸಿಂಗ್‌ನಲ್ಲಿ ಅಲ್ಲ. ಡಿಜಿಟಲ್ ಹಣಕಾಸಿನ ಅಧ್ಯಾಯದಲ್ಲಿ. ಯುಪಿಐ ಎಲ್ಲರಿಗೂ ಗೊತ್ತು, ಆದರೆ ಎಇಪಿಎಸ್ (ಆಧಾರ್ ಮೂಲಕ ನಡೆಯೋ ಬ್ಯಾಂಕ್ ವ್ಯವಹಾರ) ಏನು, ಸ್ಮಾರ್ಟ್‌ಫೋನ್ ಇಲ್ಲದವರು *99# ಹೇಗೆ ಬಳಸ್ತಾರೆ, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ, ಚೆಕ್ ಮೇಲಿನ ಎಂಐಸಿಆರ್ ಕೋಡ್‌ನಲ್ಲಿ 9 ಅಂಕಿ, ಇಂಥವನ್ನ ಬ್ಯಾಂಕ್ ಪಾಸ್‌ಬುಕ್, ಚೆಕ್ ಕೈಯಲ್ಲಿ ಹಿಡಿಸಿ ತೋರಿಸಿ. ಫೈಲ್ ಎಕ್ಸ್‌ಟೆನ್ಷನ್ ಕೂಡ ಹಾಗೇ: ರೈಟರ್‌ಗೆ ಓಡಿಟಿ, ಕ್ಯಾಲ್ಕ್‌ಗೆ ಓಡಿಎಸ್, ಇಂಪ್ರೆಸ್‌ಗೆ ಓಡಿಪಿ. ಕ್ಯಾಲ್ಕ್‌ನಲ್ಲಿ ಎಷ್ಟು ಕಾಲಂ ಅನ್ನೋ ಪ್ರಶ್ನೆಗೆ ಹಳೆ ಗೈಡ್‌ಗಳು 1024 ಅಂತಲೇ ಹೇಳ್ತಾವೆ. 7.4 ಆವೃತ್ತಿಯಿಂದ ಅದು 16,384 ಆಗಿದೆ. ಎರಡೂ ಹೇಳಿಕೊಡಿ, ಆಯ್ಕೆಗಳಲ್ಲಿ ಯಾವುದಿದೆ ನೋಡಿ ಗುರುತಿಸಲಿ.

ಕನ್ನಡ ಮಾಧ್ಯಮದವರಿಗೆ ನಿಜವಾದ ತೊಡಕು ಇಂಗ್ಲಿಷ್ ಪ್ರಶ್ನೆಯ ಧಾಟಿ. ವಿಷಯ ಗೊತ್ತಿರುತ್ತೆ, ಆದರೆ ಪ್ರಶ್ನೆಯಲ್ಲಿ "ನಾಟ್", "ಎಕ್ಸೆಪ್ಟ್" ಇದ್ದದ್ದು ಕಣ್ಣಿಗೆ ಬೀಳೋದಿಲ್ಲ, ಸರಿ ಇರೋದನ್ನೇ ಒತ್ತಿ ಬರ್ತಾರೆ. ಅಭ್ಯಾಸದ ಹಾಳೆಯಲ್ಲಿ ಈ ಪದಗಳಿಗೆ ಗೆರೆ ಎಳೆಯೋ ರೂಢಿ ಮಾಡಿಸಿ. ಮೊದಲ ಸುತ್ತಿನಲ್ಲಿ ಗೊತ್ತಿರೋದು, ಎರಡನೇ ಸುತ್ತಿನಲ್ಲಿ ಉಳಿದದ್ದು. ಮೈನಸ್ ಅಂಕ ಇಲ್ಲದ ಕಾರಣ ಒಂದೂ ಖಾಲಿ ಬಿಡಬಾರದು.

ಪರೀಕ್ಷೆ ಪ್ರತಿ ತಿಂಗಳು ನಡೆಯುತ್ತೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ತಿಂಗಳನ್ನ ಆರಿಸಿಕೊಳ್ಳಿ. ಅರ್ಜಿಯ ಅವಧಿ ಪರೀಕ್ಷೆಗಿಂತ ಬಹಳ ಮೊದಲೇ ಮುಗಿಯುತ್ತೆ, ಆದ್ದರಿಂದ ಪೋರ್ಟಲ್‌ನಲ್ಲಿ ದಿನಾಂಕ ನೋಡಿಟ್ಟುಕೊಳ್ಳಿ. ಫೋಟೊ, ಸಹಿ, ಎಡಗೈ ಹೆಬ್ಬೆಟ್ಟು ಮೂರೂ ಬಿಳಿ ಹಾಳೆಯ ಹಿನ್ನೆಲೆಯಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲ್ ನಂಬರ್ ಮಾತ್ರ ಮಗುವಿನ ಮನೆಯವರದೇ ಇರಲಿ. ಶಿಕ್ಷಕರ ನಂಬರ್ ಹಾಕಿದರೆ, ಅವರು ವರ್ಗವಾಗಿ ಹೋದ ಮೇಲೆ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡೋಕೆ ಓಟಿಪಿಗಾಗಿ ಆ ಮಗು ಅಲೆಯಬೇಕಾಗುತ್ತೆ.

ನೆಟ್‌ವರ್ಕಿಂಗ್‌ನಲ್ಲಿ ಆಸಕ್ತಿ ಇರೋ ಮಕ್ಕಳಿಗೆ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಉಚಿತ ಕೋರ್ಸ್ ಹಚ್ಚಿ, ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡೋ ಅವರ ತಂತ್ರಾಂಶ ಪ್ಯಾಕೆಟ್ ಟ್ರೇಸರ್ ಕೂಡ ಉಚಿತ. ಅಲ್ಲಿ ಸಿಗೋ ಬ್ಯಾಡ್ಜ್ ಕೋರ್ಸ್ ಮುಗಿಸಿದ್ದಕ್ಕೆ. ಸಿಸ್ಕೊದ ಸರ್ಟಿಫಿಕೇಶನ್ ಬೇರೆ ಪರೀಕ್ಷೆ, ಅದಕ್ಕೆ ಫೀ ಇದೆ. ಪಾಲಕರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಿ. ಮತ್ತೆ ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪಿಂಗ್ ಬಿಡಬೇಡಿ. ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಜೆರಾಕ್ಸ್ ಅಂಗಡಿ, ಎಲ್ಲಿ ಹೋದರೂ ಮೊದಲು ಕೇಳೋದು ಅದನ್ನೇ.

ಉತ್ತರ 2: ಎಂಎಂವಿ ವರ್ಕ್‌ಶಾಪ್, ಧಾರವಾಡ

ಸರ, ಆಟೊಮೊಬೈಲ್ ಹುಡುಗ್ರಿಗೆ ಈಗ ಹೊರಗಿನ ಪರೀಕ್ಷೆ ಹಚ್ಚಬ್ಯಾಡ್ರಿ. ಹತ್ತನೇತ್ತೆ ಮುಗಿಸೋ ಹೊತ್ತಿಗೆ ಅವರಿಗೆ 15, 16 ವಯಸ್ಸು. ಅಪ್ರೆಂಟಿಸ್ ಕಾಯ್ದೆ ಪ್ರಕಾರ 14ಕ್ಕ ಸೇರಬಹುದು ಖರೆ, ಆದ್ರ ಅಪಾಯದ ಕೆಲಸ ಇರೋ ಕಾರ್ಖಾನಿಗೆ 18 ಆಗಿರಬೇಕು. ಡ್ರೈವಿಂಗ್ ಲೈಸೆನ್ಸ್‌ಗೂ 18. ಗಾಡಿ ಹೊರಗ ತಗದು ಟ್ರಯಲ್ ನೋಡಾಕ ಬರದ ಹುಡುಗನ್ನ ಸರ್ವಿಸ್ ಸೆಂಟರ್‌ನವರು ಪೂರ್ತಿ ಕೆಲಸಕ್ಕ ತಗೊಳ್ಳೂದಿಲ್ಲ. ಆ ನಡುವಿನ ಎರಡು ವರ್ಷ ಐಟಿಐನ್ಯಾಗ ಮೆಕ್ಯಾನಿಕ್ ಮೋಟಾರ್ ವೆಹಿಕಲ್ (ಎಂಎಂವಿ) ಮಾಡಿದ್ರ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ (ಎನ್‌ಟಿಸಿ) ಬರತೈತಿ, ವಯಸ್ಸೂ ತುಂಬತೈತಿ. ಪಾಲಕರಿಗೆ ಇದನ್ನ ಹೇಳ್ರಿ: ಎನ್‌ಎಸ್‌ಕ್ಯೂಎಫ್ ಕೈ ಪಳಗಸ್ತೈತಿ, ಕೆಲಸದ ಬಾಗಲಾ ತಗ್ಯೂದು ಎನ್‌ಟಿಸಿ.

ಇನ್ನೊಂದು ಮಾತು ಹುಡುಗ್ರಿಗೆ ಈಗಲೇ ಮುಟ್ಟಬೇಕು. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಅಪ್ರೆಂಟಿಸ್ ಭರ್ತಿಗೆ ಪರೀಕ್ಷೆ ಇರೂದಿಲ್ಲ. ಹತ್ತನೇತ್ತೆ ಅಂಕ, ಐಟಿಐ ಅಂಕ ಎರಡರ ಸರಾಸರಿ ತಗದು ಮೆರಿಟ್ ಪಟ್ಟಿ ಮಾಡ್ತಾರ. ಹತ್ತನೇತ್ತೆಯೊಳಗ ಕನಿಷ್ಠ 50 ಪರ್ಸೆಂಟ್ ಬೇಕು. ಅಂದ್ರ ಅರ್ಧ ಮೆರಿಟ್ ಈ ಮಾರ್ಚಿನ್ಯಾಗ ತೀರ್ಮಾನ ಆಗಿಬಿಡತೈತಿ. ಗಣಿತ, ವಿಜ್ಞಾನ ಬಿಟ್ಟು ವರ್ಕ್‌ಶಾಪಿನ್ಯಾಗ ಕೂತ ಹುಡುಗಗ ಆಮ್ಯಾಲೆ ಐಟಿಐನ್ಯಾಗ ಎಷ್ಟ ಅಂಕ ಬಂದ್ರೂ ಆ ಕೊರತಿ ತುಂಬಾಕ ಕಷ್ಟ.

ನಿಮ್ಮ ಕಡೆ ಇರೋ ರೊಕ್ಕದಾಗ 150 ಎಂಎಂ ವರ್ನಿಯರ್, ಫೀಲರ್ ಗೇಜ್, ಮಲ್ಟಿಮೀಟರ್, ಒಂದು ಟಾರ್ಕ್ ರೆಂಚ್ ತಗೊಳ್ರಿ. ಪ್ರಾಕ್ಟಿಕಲ್‌ನ್ಯಾಗ ಅಂಕ ಹೋಗೂದು ಕೆಲಸ ಬರದಿದ್ದಕ್ಕ ಅಲ್ಲ, ಕ್ರಮ ತಪ್ಪಿದ್ದಕ್ಕ. ಗಾಲಿ ಬದಲಿ ಮಾಡೂದು ನೋಡ್ರಿ. ಸಪಾಟ ಜಾಗಾ, ಹ್ಯಾಂಡ್‌ಬ್ರೇಕ್, ಎದುರು ಗಾಲಿಗೆ ಕಟ್ಟಿಗಿ ಇಲ್ಲಾ ಕಲ್ಲಿನ ತಡಿ. ನಟ್ ಸಡ್ಲ ಮಾಡೂದು ಗಾಲಿ ನೆಲಕ್ಕ ಇದ್ದಾಗನ. ಜ್ಯಾಕ್ ಏರಿಸಿದ ಮ್ಯಾಲೆ ಸ್ಪ್ಯಾನರ್ ಜಗ್ಗಿದ್ರ ಗಾಲಿ ತಿರಗತೈತಿ, ಗಾಡಿ ಜ್ಯಾಕಿನಿಂದ ಜಾರೋ ಅಪಾಯ. ಕೂಡಿಸುವಾಗ ನಟ್ ಕೈಲೆ ತಿರುವಿ, ಎದುರುಬದುರು ನಟ್ ಒಂದಾದ ಮ್ಯಾಲೆ ಒಂದು ಬಿಗೀ ಮಾಡಿ, ಗಾಡಿ ಇಳಿಸಿದ ಮ್ಯಾಲೆ ಟಾರ್ಕ್ ರೆಂಚ್. ಎಷ್ಟು ನ್ಯೂಟನ್ ಮೀಟರ್ ಅನ್ನೂದನ್ನ ಆಯಾ ಗಾಡಿ ಮ್ಯಾನ್ಯುಯಲ್ ನೋಡಿ ಹೇಳಬೇಕು, ಬಾಯಿಪಾಠ ಬ್ಯಾಡ. ಒಂದ ಕಡಿಂದ ಸಾಲಾಗಿ ಬಿಗೀ ಮಾಡಿದ್ರ ಗಾಲಿ ಹಬ್‌ಗೆ ಸರಿಯಾಗಿ ಕೂಡಂಗಿಲ್ಲ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಮೊದಲು ಪಾಸಿಟಿವ್. ಯಾಕಂತ ಕೇಳಿದ್ರ ಬಹಳ ಹುಡುಗ್ರು ಸುಮ್ನ ನಿಲ್ತಾರ. ನೆಗೆಟಿವ್ ಬಾಡಿಗೆ ಕೂಡಿರತೈತಿ. ಅದು ಇದ್ದಾಗ ಪಾಸಿಟಿವ್ ಬಿಚ್ಚಾಕ ಹೋಗಿ ಸ್ಪ್ಯಾನರ್ ಬಾಡಿಗೆ ತಾಕಿದ್ರ ಶಾರ್ಟ್ ಆಗತೈತಿ. ಬಂದ್ ಗಾಡಿನ್ಯಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಇಂಜಿನ್ ಚಾಲೂ ಇದ್ದಾಗ 13.8ರಿಂದ 14.4. ಇದನ್ನ ಮೀಟರ್ ಹಿಡಿಸಿ ನೋಡಿಸ್ರಿ. ವರ್ನಿಯರ್‌ನ್ಯಾಗ 49 ಎಂಎಂ ಜಾಗಾದಾಗ 50 ಭಾಗ, ಅದಕ್ಕ ಲೀಸ್ಟ್ ಕೌಂಟ್ (ಅಳೀಬಹುದಾದ ಅತಿ ಸಣ್ಣ ಅಳತಿ) 0.02 ಎಂಎಂ. ಅಳತಿ ತಗೊಳ್ಳೂಕ್ಕಿಂತ ಮೊದಲು ದವಡಿ ಮುಚ್ಚಿ ಝೀರೋ ಎರರ್ ನೋಡದ ಹುಡುಗನ ಅಳತಿ ಎಲ್ಲಾ ತಪ್ಪೇ.

ಚಲೋ ಅಂಕ ತಗೊಳ್ಳೋ ಹುಡುಗ್ರಿಗೆ ಹುಬ್ಬಳ್ಳಿ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ ಹೇಳ್ರಿ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್ ಎರಡನೇ ವರ್ಷಕ್ಕ ನೇರ ಪ್ರವೇಶಾನೂ ಐತಿ. ಮನಿ ಕಷ್ಟ ಇದ್ದು ಜಲ್ದಿ ದುಡೀಬೇಕು ಅನ್ನೋರಿಗೆ ವೆಲ್ಡರ್ ಒಂದ ವರ್ಷ.

ಉತ್ತರ 3: ಗದಗ

ಖಾಸಗಿ "ಡಿಪ್ಲೊಮಾ" ಬಗ್ಗೆ. ಸೆಂಟರ್‌ನವರಿಗೆ ಒಂದೇ ಪ್ರಶ್ನೆ ಹಾಕಿ: ಸರ್ಟಿಫಿಕೇಟ್ ಮೇಲೆ ಸಹಿ ಹಾಕೋ ಸಂಸ್ಥೆ ಯಾವುದು, ಅದು ಎನ್‌ಸಿವಿಇಟಿ (ವೃತ್ತಿ ತರಬೇತಿಯ ರಾಷ್ಟ್ರೀಯ ನಿಯಂತ್ರಣ ಮಂಡಳಿ) ಮಾನ್ಯ ಮಾಡಿದ ಅವಾರ್ಡಿಂಗ್ ಬಾಡಿಯಾ, ಅಂದರೆ ಸರ್ಟಿಫಿಕೇಟ್ ಕೊಡೋ ಅಧಿಕಾರ ಇರೋ ಸಂಸ್ಥೆಯಾ? ಹೌದು ಅಂದರೆ ಕ್ವಾಲಿಫಿಕೇಶನ್ ಕೋಡ್ ಬರೆದು ಕೊಡಲಿ, ರಾಷ್ಟ್ರೀಯ ಕ್ವಾಲಿಫಿಕೇಶನ್ ರಿಜಿಸ್ಟರ್‌ನಲ್ಲಿ ನೀವೇ ಹುಡುಕಿ ನೋಡಬಹುದು.

"ಐಎಸ್‌ಒ 9001 ಪ್ರಮಾಣಿತ" ಅಂತ ಬೋರ್ಡ್ ಇದ್ದರೆ ಅದು ಆ ಸಂಸ್ಥೆಯ ಆಡಳಿತ ಪದ್ಧತಿಗೆ ಸಿಕ್ಕಿದ್ದು, ಕೋರ್ಸಿಗೆ ಅಲ್ಲ. "ಸರ್ಕಾರದಲ್ಲಿ ನೋಂದಣಿ" ಅಂದರೆ ಬಹಳ ಸಲ ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ಅಷ್ಟೇ. ಇಡೀ ಕ್ಲಾಸಿಗೆ ಒಂದು ರೇಟು ಅಂದಾಗಲೇ ಅನುಮಾನ ಬರಬೇಕು. ಪ್ರತಿ ಮಗುವಿಗೂ ಬೇರೆ ನೋಂದಣಿ, ಬೇರೆ ಪರೀಕ್ಷೆ, ಫೇಲ್ ಆಗೋ ಸಾಧ್ಯತೆ, ಈ ಮೂರೂ ಇಲ್ಲದ ಕಡೆ ಆ ಹಾಳೆಗೆ ಬೆಲೆ ಇರೋದಿಲ್ಲ. ದೇಣಿಗೆ ದುಡ್ಡು ಅದಕ್ಕೆ ಹಾಕಬೇಡಿ.

ಮತ್ತೆ: ಹಾವೇರಿ ವೃತ್ತಿ ಶಿಕ್ಷಕ

ಮೂವರಿಗೂ ಧನ್ಯವಾದ. ಡಿಪ್ಲೊಮಾ ಬೇಡ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೇಳ್ತೀನಿ. ಇನ್ನೊಂದು ತೊಡಕು: ಕೆಲವು ಮಕ್ಕಳ ಹೆಸರು ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು. ಸಿಸಿಸಿ ಅರ್ಜಿಯಲ್ಲಿ ಯಾವುದನ್ನ ಬರೆಯೋದು?

ಉತ್ತರ 4: ದಾಖಲೆ ಕೆಲಸ, ಹುಬ್ಬಳ್ಳಿ

ಅರ್ಜಿ ಹಾಕೋಕಿಂತ ಮೊದಲು ಎರಡನ್ನೂ ಒಂದು ಮಾಡಿ. ಆಮೇಲೆ ಸರಿ ಮಾಡಿಸೋಣ ಅಂದರೆ ಸಿಸಿಸಿ, ಐಟಿಐ, ಅಪ್ರೆಂಟಿಸ್, ಎಲ್ಲಾ ಕಡೆ ಅದೇ ತಪ್ಪು ಹಿಂದೆ ಬರುತ್ತೆ, ದಾಖಲೆ ಪರಿಶೀಲನೆ ದಿನ ಹುಡುಗ ಅಫಿಡವಿಟ್ ಹಿಡಕೊಂಡು ನಿಲ್ಲಬೇಕಾಗುತ್ತೆ.

ನಮ್ಮ ಕಡೆ ತಪ್ಪು ಆಗೋದು ಹೆಚ್ಚಾಗಿ ಅಡ್ಡಹೆಸರಿನಲ್ಲಿ. ಶಾಲೆಯಲ್ಲಿ ಮಗುವಿನ ಹೆಸರು, ತಂದೆ ಹೆಸರು, ಅಡ್ಡಹೆಸರು ಈ ಕ್ರಮ. ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ, ಇಲ್ಲವೇ ಬರೀ ಇನಿಷಿಯಲ್. ಎರಡನೇದು ಇಂಗ್ಲಿಷ್ ಕಾಗುಣಿತ, ಮಂಜುನಾಥ ಅನ್ನೋದನ್ನ ಕೊನೆಗೆ ಎ ಹಾಕಿ ಒಂದು ಕಡೆ, ಹಾಕದೆ ಇನ್ನೊಂದು ಕಡೆ.

ಸ್ಯಾಟ್ಸ್‌ನಿಂದ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ ವ್ಯವಸ್ಥೆ) ಹತ್ತನೇ ತರಗತಿ ಪಟ್ಟಿ ಪ್ರಿಂಟ್ ತಗೊಂಡು, ಪಕ್ಕದಲ್ಲಿ ಆಧಾರ್‌ನ ಹೆಸರು, ಹುಟ್ಟಿದ ದಿನಾಂಕ ಬರೆಸಿ, ಒಂದೊಂದು ಅಕ್ಷರ ತಾಳೆ ನೋಡಿ. ಶಾಲೆಯ ದಾಖಲಾತಿ ರಿಜಿಸ್ಟರ್ ಸರಿ ಇದ್ದು ಸ್ಯಾಟ್ಸ್‌ನಲ್ಲಿ ತಪ್ಪಿದ್ದರೆ ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಮುಖ್ಯ ಶಿಕ್ಷಕರಿಂದ ತಿದ್ದಿಸಿ. ಅಂಕಪಟ್ಟಿ ಬಂದ ಮೇಲೆ ಅದೇ ತಿದ್ದುಪಡಿ ಮಂಡಳಿಗೆ ಹೋಗಿ ಬರಬೇಕು. ರಿಜಿಸ್ಟರ್, ಸ್ಯಾಟ್ಸ್ ಎರಡೂ ಸರಿ ಇದ್ದರೆ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಎರಡು ಸಲ, ಹುಟ್ಟಿದ ದಿನಾಂಕ ಒಂದೇ ಸಲ ಬದಲಿಸೋಕೆ ಅವಕಾಶ, ಹಾಗಾಗಿ ಅಲ್ಲಿ ಕಾಗುಣಿತವನ್ನ ಅರ್ಜಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಸ್ಕ್ರೀನ್ ಮೇಲೆ ನೋಡಿದ ಮೇಲೇ ಒಪ್ಪಿಗೆ ಕೊಡಿ.

ಜತೆಗೆ 15 ತುಂಬಿದ ಮಕ್ಕಳಿಗೆ ಬೆರಳಚ್ಚು, ಕಣ್ಣಿನ ಕಡ್ಡಾಯ ಅಪ್‌ಡೇಟ್ ಇರುತ್ತೆ, 17ರೊಳಗೆ ಮಾಡಿಸಿದರೆ ಉಚಿತ. ಹೆಸರು ತಿದ್ದಿಸೋಕೆ ಹೋದ ದಿನವೇ ಅದನ್ನೂ ಮಾಡಿಸಿ, ಮೊಬೈಲ್ ನಂಬರ್ ಜೋಡಿಸಿಕೊಂಡು ಬನ್ನಿ. ಹೊಸ ಆಧಾರ್ ಪ್ರಿಂಟ್ ಕೈಗೆ ಬಂದ ಮೇಲೆ ಸಿಸಿಸಿ ಅರ್ಜಿ ತೆರೆಯಿರಿ.