‘ಸೂಚನೆ’: ವಿಜ್ಞಾನಿ ಕೊಡುವುದೇ, ಸರ್ಕಾರ ಕೊಡುವುದೇ?

ಎಲ್ಲರಿಗೂ ನಮಸ್ಕಾರ.

ಕರಾವಳಿ ನಿರ್ವಹಣೆಯ ತೀರ್ಮಾನಗಳಲ್ಲಿ ವಿಜ್ಞಾನಿಗಳ ಪಾತ್ರವೇನು ಎಂಬ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: ‘ತಜ್ಞರ ಸಮಿತಿಯು 1 ಮೀಟರ್ ಏರಿಕೆಯನ್ನು ಸೂಚಿಸಿತು.’ ಕರಡು ಓದಿಕೊಟ್ಟ ಗೆಳತಿ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ‘ಸೂಚಿಸಿತು ಅಂದರೆ? ಇಷ್ಟು ಏರುತ್ತೆ ಅಂತಲೋ, ಇಷ್ಟಕ್ಕೆ ಸಿದ್ಧರಾಗಿ ಅಂತಲೋ, ಇದೇ ನಿಯಮ ಅಂತಲೋ?’ ಅವರು ಕೇಳಿದ್ದು ಸರಿ. ನನ್ನ ವಾಕ್ಯದಲ್ಲಿ ಉತ್ತರವಿರಲಿಲ್ಲ.

ಆ ವಾಕ್ಯದ ಹಿನ್ನೆಲೆ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ್ದು. ಅಲ್ಲಿನ ಕರಾವಳಿ ಆಯೋಗಕ್ಕೆ ನೆರವಾಗುವ ವಿಜ್ಞಾನಿಗಳ ಸಮಿತಿ 2010ರಲ್ಲಿ ಒಂದು ವರದಿ ಕೊಟ್ಟಿತು. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿದ್ದವು. 2100ರ ಹೊತ್ತಿಗೆ ಸಮುದ್ರಮಟ್ಟ 15ರಿಂದ 55 ಇಂಚು ಏರಬಹುದು ಎಂದದ್ದು ಅಂದಾಜು. ಯೋಜನೆ ಹಾಕುವಾಗ 39 ಇಂಚು, ಅಂದರೆ ಸುಮಾರು 1 ಮೀಟರ್, ಇಟ್ಟುಕೊಳ್ಳಿ ಎಂದದ್ದು ಸಲಹೆ. ಮೂರನೆಯ ಕೆಲಸ, ಅಂದರೆ ನಿಯಮ ಮಾಡುವುದು, ಸಮಿತಿಯದಾಗಿರಲಿಲ್ಲ. 2012ರಲ್ಲಿ ಶಾಸನಸಭೆ ಒಂದು ಕಾಯ್ದೆ ತಂದು, 2016ರವರೆಗೆ ಸಮುದ್ರಮಟ್ಟ ಏರಿಕೆಯ ದರವನ್ನು ನಿಯಂತ್ರಣಕ್ಕಾಗಿ ನಿಗದಿಪಡಿಸದಂತೆ ಆಯೋಗವನ್ನು ತಡೆಯಿತು. ಆಮೇಲೆ 2015ರಲ್ಲಿ ಬಂದ ಹೊಸ ವರದಿಯ ವ್ಯಾಪ್ತಿ 30 ವರ್ಷಕ್ಕೆ ಸೀಮಿತವಾಯಿತು. ಎಷ್ಟು ದೂರದವರೆಗೆ ನೋಡಬೇಕು ಎಂಬುದನ್ನೂ ಸಲಹೆ ಕೇಳಿದವರೇ ಗೊತ್ತುಮಾಡಿದ್ದರು. ಇಷ್ಟೆಲ್ಲ ನಡೆದದ್ದನ್ನು ನಾನು ‘ಸೂಚಿಸಿತು’ ಎಂಬ ಒಂದೇ ಕ್ರಿಯಾಪದದಲ್ಲಿ ಮುಚ್ಚಿಹಾಕಿದ್ದೆ.

‘ಸೂಚನೆ’ಯ ಮೂಲದಲ್ಲಿ ಅಧಿಕಾರದ ವಾಸನೆಯಿಲ್ಲ. ಸಂಸ್ಕೃತದ ಸೂಚಿಯೇ ನಮ್ಮ ಸೂಜಿ, ಮೊನೆ ಮಾಡಿ ತೋರಿಸುವಂಥದ್ದು. ಹವಾಮಾನದ ‘ಮುನ್ಸೂಚನೆ’ಯಲ್ಲಿ, ‘ಸೂಚ್ಯವಾಗಿ ಹೇಳಿದ’ ಎಂಬಲ್ಲಿ ಈ ತೋರಿಸುವ ಅರ್ಥ ಇನ್ನೂ ಉಳಿದಿದೆ. ಷಟ್ಪದಿ ಕಾವ್ಯಗಳಲ್ಲಿ ಸಂಧಿಯ ಮೊದಲಿಗೆ ಬರುವ ‘ಸೂಚನೆ’ಯ ಪದ್ಯವೂ ಮುಂದೆ ಬರುವ ಕಥೆಯನ್ನು ತಿಳಿಸುತ್ತದೆ, ಅಷ್ಟೇ. ಆದರೆ ಇವತ್ತಿನ ಪತ್ರಿಕೆಯಲ್ಲಿ ‘ಅಧಿಕಾರಿಗಳಿಗೆ ಸಚಿವರ ಸೂಚನೆ’ ಎಂದಿದ್ದರೆ ಅದು ಅಪ್ಪಟ ಅಪ್ಪಣೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ಈಗ ‘ತಜ್ಞರ ಸೂಚನೆ ಮೇರೆಗೆ ತಡೆಗೋಡೆ ನಿರ್ಮಾಣ’ ಎಂಬಂಥ ತಲೆಬರಹವನ್ನು ನೋಡಿ. ತೀರ್ಮಾನಿಸಿದವರು ಯಾರು? ವಾಕ್ಯದಲ್ಲಿ ಅವರೇ ಇಲ್ಲ. ಕಡಲ್ಕೊರೆತ ತಡೆಯಲು ಗೋಡೆ ಕಟ್ಟಿದರೆ ಅದರ ಹಿಂದಿನ ಮನೆ, ರಸ್ತೆ ಉಳಿಯಬಹುದು, ಮುಂದಿನ ಮರಳದಂಡೆ ಸವೆಯುತ್ತದೆ, ಎಷ್ಟೋ ಸಲ ಪಕ್ಕದ ದಂಡೆಯ ಕೊರೆತವೂ ಹೆಚ್ಚುತ್ತದೆ. ವಿಜ್ಞಾನಿ ಹೇಳಬಲ್ಲದ್ದು ಇದನ್ನು. ಮನೆ ಉಳಿಸೋಣವೋ, ದಂಡೆ ಉಳಿಸೋಣವೋ ಎಂಬುದು ಜನಪ್ರತಿನಿಧಿಗಳು ಹೊರಬೇಕಾದ ಹೊಣೆ. ‘ಸೂಚನೆ ಮೇರೆಗೆ’ ಎಂದು ಬರೆದುಬಿಟ್ಟರೆ ಆ ಹೊಣೆಯನ್ನು ತಜ್ಞರ ತಲೆಗೆ ಕಟ್ಟಿದಂತಾಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಹಾಗಂತ ‘ಅಭಿಪ್ರಾಯ’ ಎನ್ನಲೂ ಮನಸ್ಸು ಬರುತ್ತಿಲ್ಲ. ‘ಅದು ನಿಮ್ಮ ಅಭಿಪ್ರಾಯ’ ಎಂದರೆ ನಮ್ಮಲ್ಲಿ ಮಾತು ಮುಗಿಯಿತು ಎಂದರ್ಥ. ಉಬ್ಬರವಿಳಿತದ ದಶಕಗಳ ದಾಖಲೆಯಿಂದ ತೆಗೆದ ಅಂಕಿಯೂ ಮನಸ್ಸಿಗೆ ತೋಚಿದ ಮಾತೂ ಆ ಪದದಲ್ಲಿ ಒಂದೇ ತೂಕವಾಗಿಬಿಡುತ್ತವೆ. ‘ಶಿಫಾರಸು’ ಆಡಳಿತದ ಬರವಣಿಗೆಗೆ ಒಗ್ಗಿದೆ, ಆದರೆ ಶಿಫಾರಸು ಪತ್ರ, ಶಿಫಾರಸು ಹಿಡಿದು ಸಿಕ್ಕ ಕೆಲಸ ಎಂಬ ನೆರಳು ಅದನ್ನು ಬಿಟ್ಟಿಲ್ಲ. ‘ಸಲಹೆ’ ಇವೆಲ್ಲಕ್ಕಿಂತ ಹದವಾಗಿದೆ. ಅರಬ್ಬಿ ಮೂಲದ ಪದ (ನಮ್ಮ ‘ಸಲಹು’ವಿಗೂ ಇದಕ್ಕೂ ನಂಟಿಲ್ಲ), ಕೇಳಿದವನು ತೆಗೆದುಕೊಳ್ಳಬಹುದು, ಬಿಡಬಹುದು.

ಸಲಹೆ ಯಾವ ಗಳಿಗೆಯಲ್ಲಿ ಆದೇಶವಾಗುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸ್‌ನ ಉದಾಹರಣೆ ನನಗೆ ತುಂಬ ಸ್ಪಷ್ಟವಾಗಿ ಕಂಡಿತು. 1953ರ ಫೆಬ್ರುವರಿ 1ರ ಪ್ರವಾಹದಲ್ಲಿ ಅಲ್ಲಿ 1,836 ಜನ ಸತ್ತರು. ಇಂಥದ್ದು ಮರುಕಳಿಸದಂತೆ ಏನು ಮಾಡಬೇಕೆಂದು ಸರ್ಕಾರಕ್ಕೆ ಸಲಹೆ ಕೊಡಲು ಅದೇ ತಿಂಗಳು ಡೆಲ್ಟಾ ಸಮಿತಿ ಎಂಬ ತಜ್ಞರ ಸಮಿತಿ ರಚನೆಯಾಯಿತು. ಕಡಲ ನೀರನ್ನು ತಡೆಯುವ ಕಟ್ಟೆಯ ಎತ್ತರ ಎಷ್ಟಿರಬೇಕು ಎಂಬುದನ್ನು ಗಣಿತಜ್ಞ ವಾನ್ ಡಾಂಟ್ಸಿಗ್ ಎತ್ತರಿಸುವ ಖರ್ಚನ್ನೂ ಪ್ರವಾಹದಿಂದ ಆಗಬಹುದಾದ ನಷ್ಟವನ್ನೂ ತೂಗಿ ಲೆಕ್ಕ ಹಾಕಿಕೊಟ್ಟರು. ಆದರೆ ಕಾಮಗಾರಿಗೆ ಕಾನೂನಿನ ಬಲ ಬಂದದ್ದು 1958ರಲ್ಲಿ, ಸಂಸತ್ತು ಡೆಲ್ಟಾ ಕಾಯ್ದೆಗೆ ಒಪ್ಪಿಗೆ ಕೊಟ್ಟಾಗ. ಅಲ್ಲಿಯವರೆಗಿನದು ಸಲಹೆ, ಅಲ್ಲಿಂದಾಚೆಗಿನದು ಆದೇಶ.

ಸದ್ಯಕ್ಕೆ ನನ್ನ ವಾಕ್ಯವನ್ನು ಹೀಗೆ ಬಿಡಿಸಿದ್ದೇನೆ: ‘ಸಮಿತಿಯು ಏರಿಕೆಯನ್ನು 15ರಿಂದ 55 ಇಂಚು ಎಂದು ಅಂದಾಜಿಸಿತು, ಯೋಜನೆಗೆ 1 ಮೀಟರ್ ಇಟ್ಟುಕೊಳ್ಳುವಂತೆ ಸಲಹೆ ನೀಡಿತು, ಶಾಸನಸಭೆ ಅದನ್ನು ನಿಯಮವಾಗಲು ಬಿಡಲಿಲ್ಲ.’

ಬಲ್ಲವರಲ್ಲಿ ನನ್ನ ಕೇಳಿಕೆ ಎರಡು. ಬರೀ ‘ತೋರಿಸಿಕೊಟ್ಟರು’ ಎಂಬ ಅರ್ಥದಲ್ಲಿ ‘ಸೂಚಿಸಿದರು’ ಎಂದು ನೀವು ಈಗಲೂ ಬರೆಯುತ್ತೀರಾ, ಓದುಗರು ತಪ್ಪು ತಿಳಿದ ಅನುಭವ ಆಗಿದೆಯೇ? ಎರಡನೆಯದು, ಪುರಾವೆಯ ಬಲವಿರುವ, ಆದರೆ ಪಾಲಿಸಲೇಬೇಕೆಂಬ ಕಟ್ಟಿಲ್ಲದ ಮಾತಿಗೆ ‘ಸಲಹೆ’ಗಿಂತ ಗಟ್ಟಿಯಾದ, ‘ಸೂಚನೆ’ಗಿಂತ ಮೆದುವಾದ ಪದ ನಿಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.