ಸಹಾಯ ಬೇಕು: ಪೆಟ್ರೋಲ್ ಮೀಟರಿನ ಮುಳ್ಳು ನಂಬುವ ಹಾಗಿಲ್ಲ

ನಮ್ಮ ತೀರ್ಥಹಳ್ಳಿ ಮನೆಯಲ್ಲಿ 2003ರ ಪೆಟ್ರೋಲ್ ಕಾರು ಇದೆ. ಮುಳ್ಳು ಕಾಲು ಟ್ಯಾಂಕಿಗೆ ಇಳಿದ ಮೇಲೆ ಅಲ್ಲೇ ಅಂಟಿಕೊಳ್ಳುತ್ತದೆ. ಏರು, ಇಳಿಜಾರಿನಲ್ಲಿ ಪೆಟ್ರೋಲ್ ತುಳುಕಿ ಮುಳ್ಳು ಆಡುವುದು ಮಾಮೂಲಿ, ಅಲ್ವಾ? ಇದು ಹಾಗಲ್ಲ. ಹೋದ ವಾರ ಆಗುಂಬೆ ಘಾಟಿಯ ತಿರುವಿನಲ್ಲಿ, ಜಡಿಮಳೆಯಲ್ಲಿ, ಕಾಲು ಟ್ಯಾಂಕ್ ತೋರಿಸುತ್ತಲೇ ಗಾಡಿ ನಿಂತುಹೋಯಿತು. ಮನೆಯವಳ ಬೈಗುಳ ಬೇರೆ.

ಗ್ಯಾರೇಜಿನವರು ಮೀಟರೇ ಬದಲಿಸಿ ಎನ್ನುತ್ತಾರೆ. ನನಗೆ ಅನುಮಾನ. ಟ್ಯಾಂಕಿನಿಂದ ದೂರದ ಕನೆಕ್ಟರಿನಲ್ಲಿ ಸೆಂಡರ್ (ಟ್ಯಾಂಕಿನೊಳಗಿದ್ದು ಪೆಟ್ರೋಲ್ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ಭಾಗ) ವೈರ್ ಬಿಚ್ಚಿ, ಕೀ ಆನ್ ಮಾಡಿ, ಒಂದು ಕ್ಷಣ ಕಾರಿನ ಬಾಡಿಯ ಲೋಹಕ್ಕೆ ಮುಟ್ಟಿಸಿದೆ, ಮುಳ್ಳು ಸೀದಾ ಫುಲ್‌ಗೆ ಹೋಯಿತು, ಬಿಚ್ಚಿಟ್ಟರೆ ಸೊನ್ನೆಗೆ. ಅಂದರೆ ಮೀಟರ್ ಸರಿ ಇದೆ, ಸೆಂಡರಿನ ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ಬುರುಡೆ) ಸಿಕ್ಕಿಕೊಂಡಿರಬೇಕು ಇಲ್ಲವೇ ಅದರ ತೋಳು ಉಜ್ಜುವ ರೆಸಿಸ್ಟೆನ್ಸ್ ಪಟ್ಟಿ ಸವೆದಿರಬೇಕು.

ಸೆಂಡರ್ ತೆಗೆದು ಕ್ಲೀನ್ ಮಾಡಿದರೆ ಸಾಕಾ, ಹೊಸದೇ ಬೇಕಾ? ಶಿವಮೊಗ್ಗದಲ್ಲಿ ಹಳೇ ಗಾಡಿಯ ಸೆಂಡರ್ ಎಲ್ಲಿ ಸಿಗುತ್ತದೆ? ಮಾಡಿಸಿದವರು ಹೇಳಿ. ಸದ್ಯಕ್ಕೆ ಕಿಲೋಮೀಟರ್ ಬರೆದಿಟ್ಟುಕೊಂಡು ಓಡಿಸುತ್ತಿದ್ದೇನೆ.