ಕಾಕಾನ ಟ್ರಂಕಿನ್ಯಾಗ ಹಳೇ ಕಾಮಿಕ್ಸ್ ಸಿಕ್ಕಾವ, ಬೈಂಡ್ ಬಿಚ್ಚಿ ಮಾರೂದೋ ಹಂಗ ಇಡೂದೋ?

ನವನಗರದ_ಹುಡುಗ (ಬಾಗಲಕೋಟೆ)

ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಬಾಗಲಕೋಟ್ಯಾಗಿನ ನಮ್ಮ ಮನಿ ಆಲಮಟ್ಟಿ ಹಿನ್ನೀರಿಗೆ ಹ್ವಾದಾಗ ಸಾಮಾನೆಲ್ಲಾ ಟ್ರ್ಯಾಕ್ಟರಿನ್ಯಾಗ ಹೇರಕೊಂಡು ನವನಗರಕ್ಕ ಬಂದಿದ್ವಿ, ಅದರಾಗ ನಮ್ಮ ಸಣ್ಣ ಕಾಕಾನ ತಗಡಿನ ಟ್ರಂಕ ಒಂದಿತ್ತು, ಅವತ್ತ ಅಟ್ಟದ ಮ್ಯಾಲ ಇಟ್ಟಿದ್ದು ಮೊನ್ನೆ ಮನಿಗೆ ಸುಣ್ಣ ಹಚ್ಚೂಮುಂದ ಕೆಳಗ ಇಳಿಸಿದ್ವಿ. ಕೀಲಿ ಒಡದು ನೋಡಿದ್ರ ತುಂಬ ಕಾಮಿಕ್ಸ್! ಕಾಕಾ ಈಗ ಪುಣೆದಾಗ ಇರ್ತಾನ, ಫೋನ್ ಮಾಡಿದ್ರ "ಬೇಕಾದ್ರ ಇಟಗೋ, ಬ್ಯಾಡಂದ್ರ ರದ್ದಿಗೆ ಹಾಕು" ಅಂದು ಇಟ್ಟಬಿಟ್ಟ.

ಏನೇನ ಐತಿ ಅಂದ್ರ, ರಟ್ಟು ಹಾಕಿ ಬೈಂಡ್ ಮಾಡಿಸಿದ 4 ದಪ್ಪ ಸಂಪುಟ, ಒಂದೊಂದರಾಗ 20-25 ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್ ಮಾಂಡ್ರೇಕ್ ಬಹಾದ್ದೂರ್ ಅನ್ನೂ ಹೀರೋಗಳ ಕಥಿ ಎಲ್ಲಾ ಕಲಬೆರಕಿ, ಕನ್ನಡದ್ದೂ ಅದಾವ ಇಂಗ್ಲೀಷಿನ್ವೂ ಅದಾವ. ಬಿಡಿ ಅಮರ ಚಿತ್ರ ಕಥಾ ಒಂದು 40ರ ಮ್ಯಾಲ, ಅದರಾಗ ಮಹಾಭಾರತ ಮಾಲಿಕೆದ್ದು 17. ಒಂದಿಷ್ಟು ಚಂದಮಾಮ, ಅದಕ್ಕ ಮಾತ್ರ ಗೆದ್ದಲ ಹತ್ತೇತಿ.

ಬೆಂಗಳೂರಾಗ ಇರೂ ನಮ್ಮ ಅಳಿಯಾ ಒಂದು ಸುದ್ದಿ ಕಳಿಸ್ಯಾನ, ಸೂಪರ್‌ಮ್ಯಾನ್ ಮೊದಲ ಬಂದ 1938ರ ಆಕ್ಷನ್ ಕಾಮಿಕ್ಸ್ ಒಂದನೇ ನಂಬರ್ 2024ರಾಗ 60 ಲಕ್ಷ ಡಾಲರಿಗೆ ಹೋತಂತ, "ಮಾಮಾ ನೀನೂ ಕೋಟ್ಯಾಧೀಶ" ಅಂತಾನ. ಅಷ್ಟು ಹುಚ್ಚ ನಾ ಅಲ್ಲ ಬಿಡ್ರಿ. ಆದ್ರೂ ಕೇಳೂದು ಏನಂದ್ರ, ಬೈಂಡ್ ಬಿಚ್ಚಿ ಬಿಡಿಬಿಡಿಯಾಗಿ ಮಾರಿದ್ರ ಛಲೋ ರೇಟ್ ಬರ್ತದೇನು? ಮಹಾಭಾರತದ್ದು 3 ಸಂಪುಟದ ಹೊಸಾ ಸೆಟ್ ಹೋದ ವರ್ಷ ಮಗಗ ತಂದೇನಿ, ಇಡೀ ಕಥಿ ಅದರಾಗ ಇರೂಮುಂದ ಈ ಹಳೇ 17ಕ್ಕ ಏನರ ಬೆಲಿ ಐತೇನು?

ಶಹಾಪುರ_ರದ್ದಿ_ಪ್ರೇಮಿ (ಬೆಳಗಾವಿ)

ಮೊದಲು ಒಂದ ಮಾತು, ಯಾವದಕ್ಕೂ ಕೈ ಹಚ್ಚಬ್ಯಾಡ್ರಿ. ಬಿಚ್ಚಬ್ಯಾಡ್ರಿ, ಸೆಲ್ಲೋಟೇಪ್ ಅಂಟಸಬ್ಯಾಡ್ರಿ, ಲ್ಯಾಮಿನೇಷನ್ ಅಂತೂ ಕನಸಿನ್ಯಾಗೂ ಬ್ಯಾಡ.

ಅಳಿಯಾನ ಲೆಕ್ಕ ಇಲ್ಲಿ ಹತ್ತೂದಿಲ್ಲ. ಅಮೆರಿಕಾದಾಗ 1970ರಿಂದ ಓವರ್‌ಸ್ಟ್ರೀಟ್ ಅನ್ನೂ ದರಪಟ್ಟಿ ಐತಿ, 2000ದಿಂದ ಸಿಜಿಸಿ ಅನ್ನೂ ಕಂಪನಿ ಪುಸ್ತಕ ನೋಡಿ 0.5ರಿಂದ 10ರ ತನಕ ಮಾರ್ಕ್ಸ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯೊಳಗ ಸೀಲ್ ಮಾಡಿ ಕೊಡ್ತದ, ಹಿಂಗಾಗಿ ಕೊಳ್ಳಾಂವಗೂ ಮಾರಾಂವಗೂ ಒಂದ ಅಳತಿ. ನಮ್ಮ ಇಂದ್ರಜಾಲಕ್ಕ ಎಲ್ಲಾರೂ ಒಪ್ಪೂ ಅಂಥ ಪಟ್ಟಿ ಎಲ್ಲೈತ್ರಿ? ಆನ್‌ಲೈನಿನ್ಯಾಗ 2000 ರೂಪಾಯಿ ಅಂತ ಹಾಕಿರ್ತಾರ, ಅದು ಅಂವ ಕೇಳೂ ರೇಟು, ಯಾರೂ ಕೊಟ್ಟ ರೇಟಲ್ಲ. ಅದ ಪುಸ್ತಕ ಎರಡು ವರ್ಷದಿಂದ ಅಲ್ಲೇ ಕುಂತಿರ್ತದ. ಮಾರಿ ಹೋಗಿದ್ದರ ರೇಟ್ ಹುಡುಕ್ರಿ, ಅದು ಖರೇ.

ನಿಮ್ಮದರಾಗ ನೋಡಬೇಕಾದ್ದು ಏನಂದ್ರ, ಇಂದ್ರಜಾಲ ಶುರುವಾಗಿದ್ದು 1964ರ ಮಾರ್ಚಿನ್ಯಾಗ, 1990ಕ್ಕ ಬಂದ್ ಆತು. ಮೊದಲಿನ 32 ನಂಬರಿನ್ಯಾಗ ಬರೇ ಫ್ಯಾಂಟಮ್, ಆಮ್ಯಾಲ ಮಾಂಡ್ರೇಕ್ ಮತ್ತ ಉಳದಾವ್ರು ಬಂದ್ರು, ಬಹಾದ್ದೂರ್ ಬಂದಿದ್ದು 1976ಕ್ಕ. ಹಂಗಾಗಿ ಬಹಾದ್ದೂರ್ ಇರೂ ಸಂಪುಟ ತಡಾ ಕಾಲದ್ದು, ಬರೇ ಫ್ಯಾಂಟಮ್ ಇರೂ ಸಂಪುಟ ಮೊದಲು ತಗೀರಿ. ಸುರುವಿನ್ವಕ್ಕ ಬಿ. ಗೋವಿಂದ್ ಅವರು ಬಣ್ಣದಾಗ ಬರದ ಮುಖಪುಟ ಇರ್ತಾವ, ಅಂಥಾವು ಸಿಕ್ರ ಸುಮ್ಮನ ಕುಂಡ್ರಬ್ಯಾಡ್ರಿ, ಇಲ್ಲೇ ಫೋಟೋ ಹಾಕ್ರಿ. ಮತ್ತ ಕನ್ನಡದ್ದು ಇಂಗ್ಲೀಷಿನಷ್ಟು ಸಿಗೂದಿಲ್ರಿ. ನಮ್ಮ ಬೆಳಗಾವಿ ರದ್ದಿ ಅಂಗಡ್ಯಾಗ ಹತ್ತು ಹಳೇವು ಸಿಕ್ರ ಐದು ಮರಾಠಿ, ನಾಕು ಇಂಗ್ಲೀಷು, ಕನ್ನಡದ್ದು ಒಂದು ಸಿಕ್ರ ಅವತ್ತ ಹಬ್ಬ. ಚಂದಮಾಮ ಕೇಳಿದ್ರೂ ಅಂವ ಅದರ ಮರಾಠಿ ಆವೃತ್ತಿ ಚಾಂದೋಬಾನ ಕೈಯಾಗ ಕೊಡ್ತಾನ.

ಅಮರ ಚಿತ್ರ ಕಥಾದಾಗ ನಾನ ಟೋಪಿ ಹಾಕಿಸ್ಕೊಂಡೇನಿ, ಹೇಳ್ತೇನಿ ಕೇಳ್ರಿ. ಇಂಗ್ಲೀಷಿನ 'ಕೃಷ್ಣ' ಮೊದಲ ಮುದ್ರಣ ಅಂತ ಒಬ್ಬಾಂವ 1500ಕ್ಕ ಕೊಟ್ಟ. ಮನಿಗೆ ಬಂದು ನೋಡಿದ್ರ ಬೆನ್ನಮ್ಯಾಲ ನಂಬರ್ 501! ಮೂಲ ನಂಬರ್ 11 ರೀ ಅದು, ಮೊದಲಿನ ಹತ್ತು ಸಿಂಡ್ರೆಲಾ ಅಂಥ ಪರದೇಶದ ಕಥಿ, ಹನ್ನೊಂದನೇದ್ದ ಕೃಷ್ಣ. 501ರಿಂದ ಶುರುವಾಗೂವು ಆಮ್ಯಾಲಿನ ಮರುಮುದ್ರಣ. ಇನ್ನೊಂದು ಗುರುತು ಅಂದ್ರ ಸುರುವಿನ್ಯಾಗ ಪೂರ್ತಿ ಕಲರ್ ಹಾಕಾಕ ರೊಕ್ಕ ಸಾಲದ ಹಳದಿ ನೀಲಿ ಹಸಿರು ಅಷ್ಟರಾಗ ಮುಗಿಸಿದ್ರು. ತಾರೀಖು ಇರದಿದ್ರ ಹಿಂದಿನ ರಟ್ಟಿನ್ಯಾಗ ಇರೂ ಪುಸ್ತಕದ ಪಟ್ಟಿ ನೋಡ್ರಿ, ಪಟ್ಟಿ ಯಾವ ಹೆಸರಿಗೆ ನಿಂತೈತಿ ಅದ ಹೊತ್ತಿಗೆ ಅಚ್ಚಾಗಿದ್ದು. ಪ್ರಕಾಶಕರು ಇಂಡಿಯಾ ಬುಕ್ ಹೌಸ್ ಅಂತಿದ್ರ ಹಳೇದು, ಎಸಿಕೆ ಮೀಡಿಯಾ ಅಂತಿದ್ರ 2007ರ ಈಚಿಂದು.

ವಿಜಾಪುರ_ಮಾಸ್ತರ

ಮ್ಯಾಲ ಎಲ್ಲಾ ಛಲೋ ಹೇಳ್ಯಾರ. ಮಹಾಭಾರತದ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನಿ. ಅದು ಒಟ್ಟು 42 ಸಂಚಿಕೆ ಅದ, ಈಗಿನ 3 ಸಂಪುಟ ಅಂದ್ರ ಅವೇ 42 ಕೂಡಿಸಿದ್ದು. ಓದಾವಗ ಸಂಪುಟನ ಸಾಕು, ಅದಕ್ಕ ಬಿಡಿ ಸಂಚಿಕೆ ಕೇಳಾವ್ರು ಕಡಿಮಿ ಆಗ್ಯಾರ. ಆದ್ರ ಸಂಗ್ರಹ ಮಾಡಾಂವಗ ಸಂಪುಟ ಬ್ಯಾಡ, ಅವಗ ಆ ಕಾಲದ ಕಾಗದ ಬೇಕು, ಮುಖಪುಟದ ಮ್ಯಾಲಿನ ರೇಟ್ ಬೇಕು, ಹಳೇ ಪಾಪಿನ್ಸ್ ಜಾಹೀರಾತು ಬೇಕು, ಹೊಸಾದ್ರಾಗ ಅವೆಲ್ಲಾ ಎಲ್ಲಿ ಬರ್ತಾವ? 17 ಬಿಡಿಯಾಗಿ ಕೊಟ್ರ ಚಿಲ್ಲರ ರೊಕ್ಕ, 42 ಪೂರಾ ಮಾಡಿ ಕೊಟ್ರ ಮಾತ ಬ್ಯಾರೆ. ನನ್ನ ಹತ್ರ ಡಬಲ್ ಆಗಿದ್ದು 9 ಅವ.

ಇಡೂದು ಹೆಂಗ ಅಂತ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ನಮ್ಮ ವಿಜಾಪುರ ಬಿಸಲಿಗೆ ಕಾಗದ ಹಪ್ಪಳ ಆಗ್ತದ, ಹಾಳಿ ತಿರುವಿದ್ರ ಮೂಲಿ ಮುರದು ಕೈಯಾಗ ಬರ್ತದ. ಬೆಳಗಾವಿ ಮಳಿಯಾಗ ಬೂಸಲ ಹಿಡದು ಪಿನ್ನಿಗೆ ಜಂಗ್ ಬರ್ತದ. ಬಾಗಲಕೋಟಿ ನಡುವ ಅದ, ಪುಣ್ಯಾ ಮಾಡೀರಿ. ಗೆದ್ದಲ ಹತ್ತಿದ ಚಂದಮಾಮ ಇವತ್ತ ಬ್ಯಾರೆ ಇಡ್ರಿ, ನಾಳೆ ಅಂದ್ರ ಫ್ಯಾಂಟಮ್‌ನೂ ತಿಂತಾವ. ಉಳಿದಾವು ಅಗಲಕ ಮಲಗಿಸಿ ಇಡ್ರಿ, ಬಿಸಲು ಬೀಳಬಾರದು, ಅಗ್ಗದ ಪಿವಿಸಿ ಕವರ್ ಬ್ಯಾಡ, ಅದು ಕಾಗದಕ್ಕ ಅಂಟ್ತದ.

ಅಂದಂಗ ನಿಮ್ಮ ಬಿಡಿ ಪುಸ್ತಕದಾಗ 'ಚಾಂದ್ ಬೀಬಿ' ಅದ ಏನು? ನಮ್ಮೂರ ಆದಿಲ್‌ಶಾಹಿ ಸೊಸಿ ಆಕಿ, ಸಾಲಿ ಹುಡುಗರಿಗೆ ತೋರಸಾಕ ಒಂದು ಹಳೇ ಪ್ರತಿ ಹುಡಕಲಿಕ್ಹತ್ತೀನಿ.

ಜಮಖಂಡಿ_ಬೈಂಡರ್

ನಾ ಕಾಮಿಕ್ಸ್ ಮಂದಿ ಅಲ್ರಿ, ನಮ್ಮ ಅಪ್ಪನ ಕಾಲದಿಂದ ಬೈಂಡಿಂಗ್ ಕೆಲಸ. ಆಗ ವಾರಾ ವಾರಾ ಪುಸ್ತಕ ಕೂಡಿಸಿ ಮಂದಿ ತಂದು ಕೊಡತಿದ್ರು, ಅಪ್ಪ ಏನ ಮಾಡತಿದ್ದ ಅಂದ್ರ ಮೊದಲು ಪಿನ್ ಕಿತ್ತು ಒಗದು, ಬಾಜೂಕ ದಬ್ಬಣದ್ಲೆ ತೂತ ಹೊಡದು ದಾರ ಹಾಕಿ, ಮೈಲುತುತ್ತ ಕಲಸಿದ ಮೈದಾ ಅಂಟು ಬಡದು, ಕಡೀಕ ಕಟಿಂಗ್ ಮಶಿನ್ನಾಗ ಮೂರೂ ಕಡೆ ಸಮಾ ಹೊಡದಬಿಡತಿದ್ದ. ಅಂದ್ರ ನಿಮ್ಮ ಪುಸ್ತಕದ ಅಂಚು ಮೊದಲ ಹೋಗಿರ್ತದ. ಈಗ ಬಿಚ್ಚಿದ್ರ ಅಂಚು ತಿರುಗಿ ಬರ್ತದೇನು? ಬೆನ್ನಾಗ ನಾಕು ತೂತು, ಪಿನ್ ಇಲ್ಲ, ಅಂಟಿನ ಕೂಡ ಮುಖಪುಟಾನೂ ಹರಕೊಂಡ ಬರ್ತದ. ಬೈಂಡ್ ಇದ್ದಂಗ ಇದ್ರ ಅದೊಂದು ಪುಸ್ತಕ, ಬಿಚ್ಚಿದ್ರ 25 ಹರಕ ಪುಸ್ತಕ. ರಟ್ಟು ಸಡಲಾಗಿದ್ರ ತೊಗೊಂಬರ್ರಿ, ಹೊಸಾ ರಟ್ಟು ಹಾಕಿ ಕೊಡೋಣು, ಒಳಗ ಕತ್ತರಿ ಹಚ್ಚೂದಿಲ್ಲ.

ಶಹಾಪುರ_ರದ್ದಿ_ಪ್ರೇಮಿ (ಬೆಳಗಾವಿ)

ಬೈಂಡರ್ ಅಣ್ಣಾರ ಮಾತಿಗೆ ಎರಡ ಮಾತಿಲ್ಲ. ಅದಕ್ಕ ಇನ್ನೊಂದು ಮಾತು ಕೂಡಸ್ತೇನಿ, ಮೊದಲಿನ 32ರಾಗಿಂದು ಒಂದರ ಒಳಗಿದ್ರ ಬಿಚ್ಚಸಾಕ ಹೇಳಾವ್ರು ಸಿಗ್ತಾರ, ಮಾಡಬ್ಯಾಡ್ರಿ. ಸಂಪುಟಾನ ಪೂರಾ ತೊಗೊಳ್ಳಾವ್ರು ಅದಾರ, ಬಿಡಿ ರೇಟ್ ಬರೂದಿಲ್ಲ ಆದ್ರ ಜಗಳಾನೂ ಬರೂದಿಲ್ಲ. ಮಾರೂಮುಂದ ಮಾತ್ರ ಅಂಚು ಕಟ್ ಆಗೇತಿ ಅಂತ ನೀವ ಮೊದಲು ಹೇಳಿಬಿಡ್ರಿ.

ನವನಗರದ_ಹುಡುಗ (ಬಾಗಲಕೋಟೆ)

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ರಾತ್ರಿ ಕುಂತು ನೋಡಿದೆ, ಮೂರು ಸಂಪುಟದಾಗ ಬಹಾದ್ದೂರ್ ಅದಾನ, ನಾಕನೇದ್ರಾಗ ಇಲ್ಲ ಆದ್ರ ಮಾಂಡ್ರೇಕ್ ಅದಾನ, ಅಂದ್ರ ಆ 32 ನಮ್ಮ ನಸೀಬದಾಗ ಇಲ್ಲ. ಬೈಂಡರ್ ಅಣ್ಣಾರು ಹೇಳಿದ್ದು ಖರೇ, ಎಷ್ಟೋ ಹಾಳ್ಯಾಗ ಮ್ಯಾಲಿನ ಮಾತಿನ ಗುಳ್ಳೀನ ಅರ್ಧಾ ಕಟ್ ಆಗೇತಿ, ಫ್ಯಾಂಟಮ್ ಏನಂದ ಅಂತ ಊಹೆ ಮಾಡಿ ಓದಬೇಕು. ಬೈಂಡ್ ಬಿಚ್ಚೂದಿಲ್ಲ, ಮಾರೂದೂ ಇಲ್ಲ, ಮಗಾ ಆಗಲೇ ಎರಡನೇದ್ದು ಹಿಡಕೊಂಡು ಕುಂತಾನ.

ಮಾಸ್ತರ್ರ, ಚಾಂದ್ ಬೀಬಿ ಐತ್ರಿ, ಹಿಂದಿನ ರಟ್ಟಿಲ್ಲ, ಅದಕ್ಕ ಪಟ್ಟಿ ನೋಡಾಕ ಬರವಲ್ದು, ಆದ್ರ ಇಂಡಿಯಾ ಬುಕ್ ಹೌಸ್ ಅಂತ ಐತಿ. ರೊಕ್ಕ ಬ್ಯಾಡ. ನಿಮ್ಮ ಡಬಲ್ 9ರ ನಂಬರ್ ಕಳಸ್ರಿ, ನನ್ನಲ್ಲಿ ಇಲ್ಲದ್ದು ನಾಕು ಕೊಟ್ರ ಸಾಕು. ಐತವಾರ ವಿಜಾಪುರಕ್ಕ ಲಗ್ನಕ್ಕ ಬರಾವ ಅದೇನಿ, ಬಸ್ ಸ್ಟ್ಯಾಂಡಿನ್ಯಾಗ ಭೆಟ್ಟಿ ಆಗೋಣ್ರಿ.

ವಿಜಾಪುರ_ಮಾಸ್ತರ

ನಾಕ ಯಾಕ, ಐದು ತೊಗೋರಿ, ರಟ್ಟಿಲ್ಲಂದ್ರೂ ನಡೀತದ. ನಂಬರ್ ಮೆಸೇಜಿನ್ಯಾಗ ಹಾಕೀನಿ. ಪುಸ್ತಕ ಮಡಚಿ ಚೀಲದಾಗ ತುರುಕಬ್ಯಾಡ್ರಿ ಮತ್ತ, ಎರಡು ರಟ್ಟಿನ ನಡುವ ಇಟ್ಟು ತರ್ರಿ.